ಆಟದಲ್ಲಿ ಮಾರಿಹೋದ ಹಸು

ಸೊಸೆಯಮ್ಮಾ,

ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದೇನೆ. ಪಲ್ಯ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು.

ಟಿವಿ ಹಾಕುವ ಮೊದಲು ಒಂದು ಮಾತು. ನೀನು ಡ್ಯೂಟಿಗೆ ಹೋದ ಮೇಲೆ ಟಿವಿಯಲ್ಲಿ ನೀನು ಆಡುವ ಆ ತೋಟದ ಗೇಮ್ ನಾನೂ ಆಡುತ್ತಿದ್ದೇನೆ, ಒಂದು ವಾರವಾಯಿತು. ಅದರಲ್ಲಿರುವ ಅಂಗಡಿಯವನು ಕಂಡಾಗಲೆಲ್ಲ "ಹೇಗಿದ್ದೀರಿ?" ಅಂತ ಕೇಳುತ್ತಾನೆ. ಇಡೀ ದಿನದಲ್ಲಿ ನನ್ನನ್ನು ಹಾಗೆ ಕೇಳುವವನು ಅವನೊಬ್ಬನೇ. ನಿನ್ನೆ "ಚೆನ್ನಾಗಿದ್ದೀನಪ್ಪಾ" ಅನ್ನೋಣ ಅಂತ ಯಾವುದೋ ಗುಂಡಿ ಒತ್ತಿದೆ, ನೀನು ಮೂರು ತಿಂಗಳು ಸಾಕಿದ ಹಸು ಮಾರಿಹೋಯಿತು. ಅದನ್ನು ವಾಪಸ್ ಪಡೆಯಲು ಎಷ್ಟು ಗುಂಡಿ ಒತ್ತಿದರೂ ಅವನು ಮತ್ತೆ ಹೇಗಿದ್ದೀರಿ ಅಂತಲೇ ಕೇಳಿದ.

ತಪ್ಪು ನನ್ನದೇ. ನಾನು ಬಂದ ಮೇಲೆ ಬೈಯಿ, ಬೈಸಿಕೊಳ್ಳುತ್ತೇನೆ. ಆದರೆ ಮನೆಗೆ ಬಂದೊಡನೆ ಕಿವಿಗೆ ಹಾಕಿಕೊಳ್ಳುವ ಆ ಹೆಡ್‌ಫೋನ್ ತೆಗೆದಿಟ್ಟು, ನನ್ನ ಎದುರಿಗೆ ಕೂತು ಬೈಯಿ.

ಅತ್ತೆ