ಇಲಿಗೆ ಮೂರು ತಿಂಗಳು, ನನಗೂ

ಮೀಂಜ
13-6-2007

ಇಲಿಗಳ ಪಾಲಿಗೆ ಹೆಸರಿಗೆ ತಕ್ಕ ದೇವರಾದ ಮಹಾಗಣಪತಿಯವರಿಗೆ, ಹೆಂಡತಿ ರಮ್ಯಶ್ರೀಯ ಉರಿಯುವ ನಮಸ್ಕಾರಗಳು.

ಫೋನಾದರೆ ನೀವು ಮಧ್ಯದಲ್ಲೇ ಕತ್ತರಿಸುತ್ತೀರಿ. ಕಾಗದ ಕತ್ತರಿಸಲಿಕ್ಕೆ ಇಲಿಯೇ ಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಆರು ತಿಂಗಳು ತವರಿನಲ್ಲಿ ಕೂತು ಮಾತ್ರೆ ನುಂಗಿದೆ. ಕಫದಲ್ಲಿ ಇನ್ನು ಎಂತದೂ ಇಲ್ಲ, ಗಂಡನ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿಯಾಯಿತು. ನೀವು ಮಾತ್ರ, ಇನ್ನೂ ಮೂರು ತಿಂಗಳು ಕಾಯೋಣ ಎಂದಿರಿ. ಮಂಗಳೂರಿನ ನಿಮ್ಮ ಲ್ಯಾಬಿನಲ್ಲಿ ಕ್ಷಯದ ಹೊಸ ಔಷಧಿ ತಿಂದ ಇಲಿಗಳಿಗೂ ಅದೇ ಕ್ರಮವಂತೆ: ಔಷಧಿ ನಿಲ್ಲಿಸಿ, ಮೂರು ತಿಂಗಳು ಬಿಟ್ಟು, ರೋಗ ಮರಳಿತೋ ಎಂದು ನೋಡುವುದು. ಹೇಗೆ ನೋಡುವುದೆಂದೂ ಹಿಂದೊಮ್ಮೆ ನೀವೇ ಹೇಳಿದ್ದಿರಿ. ಕೊಂದು, ಶ್ವಾಸಕೋಶ ಅರೆದು. ನನ್ನದನ್ನೂ ಅರೆಯಬೇಕಾದರೆ ಹೇಳಿ, ಅಮ್ಮನ ಕಡೆಯುವ ಕಲ್ಲು ಖಾಲಿಯೇ ಉಂಟು. ನನ್ನ ಕ್ಷಯ ಹೋಯಿತು. ನಿಮ್ಮ ಸಂಶಯ ಹೋಗಲಿಲ್ಲ.

ಇಷ್ಟರವರೆಗೆ ತಮಾಷೆ. ಇನ್ನು ಅಲ್ಲ.

ಕಳೆದ ವಾರ ಮಗಳನ್ನು ನೋಡಲಿಕ್ಕೆಂದು ವಿದ್ಯಾನಗರದ ನಿಮ್ಮ ಮನೆಗೆ ಬಂದಾಗ ನೀವು ಜಗಲಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದಿರಿ. ಆಚೆ ದೀಕ್ಷಿತಾ, ಈಚೆ ನಾನು. ಐದು ವರ್ಷದ ಮಗು ಕಾಲ್ಬೆರಳನ್ನು ಗೆರೆಗೆ ತಾಗಿಸುವುದು, ನಿಮ್ಮ ಮುಖ ನೋಡಿ ಹಿಂದೆ ಎಳೆದುಕೊಳ್ಳುವುದು. ನೀವು ದೂರ ಸಾಕೋ ಎಂದು ಅಳೆಯುತ್ತಿದ್ದಿರಿ. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಅದೊಂದನ್ನು ನಾನು ಕ್ಷಮಿಸುವವಳಲ್ಲ.

ನಿನ್ನೆ ನೀವು ಲ್ಯಾಬಿಗೆಂದು ರೈಲು ಹತ್ತಿದ ಮೇಲೆ ಪುನಃ ಬಂದೆ. ಗೆರೆ ಹಾಗೆಯೇ ಇತ್ತು.

"ಅಮ್ಮ, ನಿನ್ನ ಮೂರು ತಿಂಗಳು ಮುಗಿಯಿತಾ?" ಎಂದು ಕೇಳಿದಳು.

ಮುಗಿಯಿತು ಎಂದೆ. ದಾಟಿದೆ. ಎತ್ತಿಕೊಂಡೆ. ಅತ್ತೆ ತಡೆಯಲಿಲ್ಲ. ಅವಳ ಅಂಗಿಗಳನ್ನೆಲ್ಲ ಚೀಲಕ್ಕೆ ತುಂಬಿಸಿಕೊಟ್ಟು, "ಕರೆದುಕೊಂಡು ಹೋಗು ಮಾರಾಯ್ತಿ. ಅವನಿಗೆಂತ, ಇಲಿಗಳುಂಟಲ್ಲ" ಎಂದರು.

ದೀಕ್ಷಿತಾ ಈಗ ನನ್ನ ಬಳಿ ಇದ್ದಾಳೆ. ಕರೆದೊಯ್ಯಲು ಬರಬೇಡಿ.

ಬೋನಿನಿಂದ ಹೊರಬಿದ್ದ,
ರಮ್ಯಶ್ರೀ

ತಾ.ಕ.: ಬರುವಾಗ ಬಸ್ಸಿನಲ್ಲಿ ಮಗಳು ಒಂದು ಗುಟ್ಟು ಹೇಳಿದಳು. ವಿಷು ಹಬ್ಬದಿಂದ, ಎಂದರೆ ಎರಡು ತಿಂಗಳಿಂದ, ಅಪ್ಪನಿಗೆ ಕೆಮ್ಮಂತೆ. ಅಜ್ಜಿಗೆ ಹೇಳದಿದ್ದರೆ ಚಾಕಲೇಟು ಸಿಗುತ್ತದಂತೆ. ಇವತ್ತೇ ಅವಳನ್ನು ಡಾಕ್ಟರಿಗೆ ತೋರಿಸಿದೆ, ಅವಳಿಗೆ ಎಂತದೂ ಇಲ್ಲ. ನಿಮ್ಮ ಕಫ ನೋಡಬೇಕು ಎಂದರು. ಸೋಮವಾರ ರೈಲು ಹತ್ತಬೇಡಿ. ಬೆಳಿಗ್ಗೆ ನಾನೇ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಗೆರೆ ಒರಸಬೇಕೆಂದಿಲ್ಲ. ನನಗೆ ದಾಟಿ ಅಭ್ಯಾಸವಾಗಿದೆ.