ಸವೆಯದ ಬ್ರೇಕು

ಮನೆಯಿಂದ,
ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೈಕಿನಿಂದ ಬಿದ್ದಾಗ ಉಳುಕಿದ ನಿನ್ನ ಮಣಿಕಟ್ಟು ಚಳಿಗೆ ಈಗಲೂ ನೋಯುತ್ತದೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಪಾಪ, ಬಟ್ಟೆ ಸುತ್ತಿ ಬೆಚ್ಚಗಿಟ್ಟುಕೋ. ನನಗೂ ಬಲಗಾಲು ನೋಯುತ್ತದೆ, ಸುತ್ತೋಣವೆಂದರೆ ಅದು ಇಲ್ಲ.

ಷೆಡ್ಡಿನಲ್ಲಿ ಗೋಣಿತಾಟು ಹೊದ್ದು ಬಿದ್ದಿದ್ದ ನಿನ್ನ ಬೈಕು ಈಗ ನನ್ನದು. ಬೀಳದಂತೆ ಹಿಂದೆ ಎರಡು ಪುಟ್ಟ ಚಕ್ರ ಸೇರಿಸಿದ್ದೇವೆ. ಹಿಂದಿನ ಬ್ರೇಕು ತುಳಿಯಲು ನನಗೆ ಕಾಲಿಲ್ಲವಲ್ಲ, ಕೈಯಿಂದ ಒತ್ತುವ ಮುಂದಿನ ಬ್ರೇಕೇ ಗತಿ. ಹಳೆಯ ಡ್ರಮ್ ಬ್ರೇಕು ತೆಗೆದು ಡಿಸ್ಕ್ ಬ್ರೇಕು ಹಾಕಿಕೊಡಿ ಎಂದು ಅಪ್ಪನ ಜೀವ ತಿಂದೆ. ಆಸ್ಪತ್ರೆಯಲ್ಲಿ ಎಲ್ಲರೆದುರು ನೀನು, "ನೀವು ಹಾಕಿದ ಮುಂದಿನ ಬ್ರೇಕು ಹಿಡೀಲೇ ಇಲ್ಲ ಅಪ್ಪಾ" ಅಂದೆಯಲ್ಲ, ಅಂದಿನಿಂದ ಅವರು ಗ್ಯಾರೇಜಿನ ಬಾಗಿಲು ತೆರೆದವರಲ್ಲ, ಸ್ಪ್ಯಾನರ್ ಮುಟ್ಟಿದವರಲ್ಲ. ಮಗಳ ಕಾಲು ತೆಗೆದ ಕೈ ಎಂದು ತಮ್ಮ ಕೈಯನ್ನೇ ಶಪಿಸುತ್ತಿದ್ದರು. ಊಟಕ್ಕೆ ನನ್ನೆದುರು ಕೂರುತ್ತಿರಲಿಲ್ಲ.

ಎದುರು ಗ್ಯಾರೇಜಿನವನ ಹತ್ತಿರ ಮಾಡಿಸಿಕೊಳ್ಳುತ್ತೇನೆ ಅಂದೆ ನೋಡು, ಆ ಮಾತು ನಾಟಿತು. ಗುಜರಿಯಿಂದ ಡಿಸ್ಕ್ ಇರುವ ಚಕ್ರ, ಫೋರ್ಕು ಎಲ್ಲಾ ತಂದರು. ನಿನ್ನೆ ಹಳೆಯ ಚಕ್ರ ಬಿಚ್ಚಿ, ಬ್ರೇಕ್ ಶೂ ಹಿಡಿದು ಬೆಳಕಿಗೆ ಹೋದವರು ಅಲ್ಲೇ ಕುಕ್ಕರಿಸಿದರು. ಹಾಕುವ ಮುಂಚೆ ಅವರೇ ಉಪ್ಪುಕಾಗದದಿಂದ ಉಜ್ಜಿದ ಗೀರುಗಳು, ಬ್ರೇಕು ಒತ್ತಿದಂತೆಲ್ಲ ಸವೆದು ಅಳಿಸಿಹೋಗಬೇಕಾದವು, ಲೈನಿಂಗಿನ ಮೇಲೆ ಹಾಗೇ ಇದ್ದವು. ವರ್ಷವಿಡೀ ನೀನು ಓಡಿಸಿದ ಗಾಡಿ ಅದು. ಕೇಬಲ್ಲೂ ಬಿಗಿಯಾಗಿಯೇ ಇತ್ತು. "ಅವನು ಇದನ್ನ ಒಂದ್ಸಲಾನೂ ಒತ್ತಿಲ್ಲ ಕಣಮ್ಮ," ಅಂದರು.

ಮುಂದಿನ ಬ್ರೇಕು ಒತ್ತಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಎಂದು ನನಗೆ ಪಾಠ ಹೇಳುತ್ತಿದ್ದವನಲ್ಲವೇ ನೀನು? ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಲಾರಿ ಅಡ್ಡ ಬಂತಲ್ಲ, ಆಗಲೂ ಆ ಪಾಠ ಮರೆಯಲಿಲ್ಲ. ಎಂಥ ಜ್ಞಾಪಕಶಕ್ತಿ ಅಣ್ಣಾ ನಿನ್ನದು. ತಪ್ಪನ್ನು ಅಪ್ಪನ ತಲೆಗೆ ಕಟ್ಟುವುದನ್ನೂ ಮರೆಯಲಿಲ್ಲ.

ಡಿಸ್ಕ್ ಚೆನ್ನಾಗಿದೆ. ಎರಡು ಬೆರಳು ಸಾಕು, ಗಾಡಿ ಗಕ್ಕನೆ ನಿಲ್ಲುತ್ತದೆ. ಅಪ್ಪ ಬೆಳಗ್ಗೆ ಗ್ಯಾರೇಜಿನ ಬಾಗಿಲು ತೆರೆದು ಕಸ ಗುಡಿಸಿದರು. ಖುಷಿಯಾಗಿದ್ದಾರೆ ಅಂದುಕೊಳ್ಳಬೇಡ. ತಮ್ಮ ಕೈಯಲ್ಲಿ ತಪ್ಪಿಲ್ಲವೆಂದು ಗೊತ್ತಾದ ಗಳಿಗೆಯಲ್ಲೇ ಮಗ ಎಂಥವನೆಂದೂ ಗೊತ್ತಾಯಿತು. ರಾತ್ರಿ ಅತ್ತರು, ಇವೆರಡರಲ್ಲಿ ಯಾವುದಕ್ಕೆಂದು ನನಗೆ ಹೇಳಲಿಲ್ಲ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಹೊತ್ತುಹೊತ್ತಿಗೆ ಉಣ್ಣು, ಚೆನ್ನಾಗಿ ನಿದ್ದೆ ಮಾಡು. ನೀನು ಗಟ್ಟಿಮುಟ್ಟಾಗಿರುವುದು ನನಗೆ ಬೇಕು.

ನಿನ್ನ ಒಂಟಿಕಾಲಿನ ತಂಗಿ,
ಗುಬ್ಬಿ

ತಾ.ಕ.: ಅವನು ನೊಂದುಕೊಳ್ಳುತ್ತಾನೆ, ಇದನ್ನೆಲ್ಲ ಬರೆಯಬೇಡ ಎಂದು ಅಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಅವರು ನಿನ್ನನ್ನು ಕ್ಷಮಿಸಿಬಿಟ್ಟಿದ್ದಾರೆ. ನಾನು ಕ್ಷಮಿಸಿಲ್ಲ. ಭಾನುವಾರ ಅವರನ್ನು ಹಿಂದೆ ಕೂರಿಸಿಕೊಂಡು ನಿಮ್ಮ ಮನೆಗೆ ಬರುತ್ತೇನೆ. ಅವರು ಏನೂ ಕೇಳುವುದಿಲ್ಲ, ನೀನಾಗಿಯೇ ಅವರ ಕಾಲು ಹಿಡಿದು ನಿಜ ಹೇಳಬೇಕು. ಹೇಳದಿದ್ದರೆ ಅತ್ತಿಗೆಯ ಎದುರು ನಾನು ಹೇಳುತ್ತೇನೆ. ಅತ್ತಿಗೆ ದಿನ ತುಂಬಿದ ಬಸುರಿಯೆಂದು ಗೊತ್ತು. ಆದರೂ ಹೇಳುತ್ತೇನೆ.