ಒಂದೇ ಕಿವಿಯ ಪಿನ್ನು

ದಾವಣಗೆರೆ
14 ಮಾರ್ಚ್ 1999, ಭಾನುವಾರ

ಗುತ್ತೂರಿನ ಬಿಂಕದ ಯಶೋದಾಗೆ,

ದಾವಣಗೆರೆಯ ಜಂಬದ ಶಾಂತಿ ಮಾಡುವ ನಮಸ್ಕಾರ. ಕ್ಷೇಮಸಮಾಚಾರ ಕೇಳುವ ಶಾಸ್ತ್ರ ಇಟ್ಟುಕೊಳ್ಳುವುದಿಲ್ಲ, ನೀನು ಚೆನ್ನಾಗಿದ್ದೀ ಅಂತ ನನಗೆ ಗೊತ್ತು. ಹರಿಹರದ ಸಂತೆಯಲ್ಲಿ ನಿನ್ನನ್ನು ನೋಡಿದವರು ಬಂದು ಹೇಳುತ್ತಲೇ ಇರುತ್ತಾರೆ, ನಾನು ಕೇಳದಿದ್ದರೂ. ಸರಿ, ಕೇಳುತ್ತೇನೆ. ಕೇಳಿ ಕೇಳಿಯೇ ತಿಳಿದುಕೊಳ್ಳುತ್ತೇನೆ. ಮೊನ್ನೆ ಬದನೆಕಾಯಿ ಆರಿಸುವಾಗ ಕನ್ನಡಕ ಹಾಕಿದ್ದೆಯಂತೆ. ನನಗಿಂತ ಮೊದಲು ನಿನಗೆ ಬಂತಲ್ಲ ಅಂತ ಒಂದಿಷ್ಟು ಖುಷಿಪಟ್ಟೆ.

ನನ್ನ ಅಕ್ಷರ ನೋಡಿದ ಕೂಡಲೇ ಹರಿದು ಒಲೆಗೆ ಹಾಕಬೇಡ. ಮಾತು ಬಿಟ್ಟು ಎರಡು ವರ್ಷವಾಗುತ್ತಾ ಬಂತು. ಇದನ್ನು ಓದಿ ಮುಗಿಸುವಷ್ಟರಲ್ಲಿ ನಿನ್ನ ಸಿಟ್ಟು ಎಲ್ಲಿಗೂ ಓಡಿ ಹೋಗುವುದಿಲ್ಲ. ವಿಷಯ ಇಷ್ಟು: ನಮ್ಮ ಅಂಕಿತಾಗೆ ಏಳು ತಿಂಗಳು. ಬರುವ ಗುರುವಾರ ಕುಬುಸದ ಕಾರ್ಯ ಇಟ್ಟುಕೊಂಡಿದ್ದೇವೆ. ಹಸಿರು ಸೀರೆ, ಹಸಿರು ಬಳೆ ಎಲ್ಲ ತಂದಾಗಿದೆ. ಆದರೆ ಹುಡುಗಿ ಒಂದೇ ಹಟ ಹಿಡಿದು ಕೂತಿದ್ದಾಳೆ. "ಯಶೋದ ಚಿಗಮ್ಮ ಬಂದು ಹಾಡದಿದ್ರೆ ನಾನು ಹಸೆ ಮೇಲೆ ಕುಂದ್ರಲ್ಲ" ಅನ್ನುತ್ತಾಳೆ. ಅವಳನ್ನು ನಾನು ಹೆತ್ತಿದ್ದರೂ ಹಟ ಕಲಿತದ್ದು ನಿನ್ನ ತೊಡೆಯ ಮೇಲೆ. ಆ ಹಟವನ್ನು ನೀನೇ ಬಂದು ಇಳಿಸಬೇಕು.

ಇಷ್ಟಕ್ಕೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ, ನಿಜ ಹೇಳುತ್ತೇನೆ. ಬಸುರಿಯ ಬಯಕೆ, ನಾಲ್ಕು ದಿನಕ್ಕೆ ಮರೆಯುತ್ತಾಳೆ ಅಂತ ಸುಮ್ಮನಿರುತ್ತಿದ್ದೆ. ಆದರೆ ಹೋದ ಭಾನುವಾರ ಕೊಂಡಜ್ಜಿ ಕೆರೆಯ ನೀರಿನ ಮೇಲೆ ಒಂದು ಸಂಗತಿ ನಡೆಯಿತು. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನನ್ನ ಮೈದುನ ಕೊಟ್ಟೂರೇಶನ ಹುಚ್ಚು ನಿನಗೆ ಗೊತ್ತೇ ಇದೆ. ಪಿ.ಬಿ. ರೋಡಿನ ಬ್ಯಾಟರಿ ಅಂಗಡಿಯಲ್ಲಿ ತಣ್ಣಗೆ ಕೂತು ವ್ಯಾಪಾರ ಮಾಡೋ ಮಾರಾಯ ಅಂದರೆ, ಯಾರದೋ ಹಳೆಯ ಮೋಟಾರು ದೋಣಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದು ಕೊಂಡಜ್ಜಿ ಕೆರೆಗೆ ಇಳಿಸಿದ್ದಾನೆ. ಭಾನುವಾರ ಜನ ಸೇರುತ್ತಾರೆ, ಒಂದು ಸುತ್ತು ಹೊಡೆಸುತ್ತೇನೆ ಅನ್ನುವುದು ಅವನ ಲೆಕ್ಕಾಚಾರ. ದೋಣಿಗೆ ಬಣ್ಣ ಹೊಡೆದಿದ್ದಾನೆ, ಮೇಲೆ ತಗಡಿನ ನೆರಳು ಮಾಡಿಸಿದ್ದಾನೆ. ಗುಜರಿ ಸೇರಿದ್ದ ಒಂದು ಕಾರಿನ ಸ್ಟೀರಿಯೋ ಕಿತ್ತು ತಂದು, ದೋಣಿಯ ಮುಂದೊಂದು ಹಿಂದೊಂದು ಸ್ಪೀಕರ್ ಡಬ್ಬ ಕೂರಿಸಿದ್ದಾನೆ. ಹಾಡಿಲ್ಲದ ದೋಣಿಗೆ ಯಾರು ಹತ್ತುತ್ತಾರೆ ಅತ್ತಿಗೆ ಅಂತ ನನ್ನನ್ನೇ ಕೇಳಿದ.

ಹೋದ ಭಾನುವಾರ ಅದರ ಪೂಜೆ. ಕಾಯಿ ಒಡೆದಾಯಿತು, ಕುಂಕುಮ ಹಚ್ಚಿಯಾಯಿತು. ನಿಂಬೆಹಣ್ಣು ಕೈಯಲ್ಲಿ ಹಿಡಿದ ಮೇಲೆ ನೆನಪಾಯಿತು, ದೋಣಿಗೆ ಗಾಲಿಯೇ ಇಲ್ಲ! ಎಲ್ಲಿಡುವುದು? ನೀನು ಇದ್ದಿದ್ದರೆ ಅಲ್ಲೇ ನಕ್ಕು ನಕ್ಕು ಕೂತುಬಿಡುತ್ತಿದ್ದೆ. ಕೊನೆಗೆ ಶರಬತ್ತು ಮಾಡಿ ಎಲ್ಲರೂ ಕುಡಿದೆವು.

ಬಸುರಿ ನೀರಿನ ಮೇಲೆ ಹೋಗಬಾರದು ಅಂತ ನಾನು ಅಡ್ಡ ನಿಂತೆ. ಅಂಕಿತಾ ಕೇಳಬೇಕಲ್ಲ. ಇದೇ ನನ್ನ ಬಯಕೆ ಅಂದುಬಿಟ್ಟಳು. ಬಯಕೆ ಅಂದ ಮೇಲೆ ತೀರಿಸಲೇಬೇಕಲ್ಲ. ದಡದಿಂದ ದೂರ ಹೋಗಬಾರದು ಅಂತ ಕೊಟ್ಟೂರೇಶನಿಂದ ಆಣೆ ಹಾಕಿಸಿ ಹತ್ತಿದೆವು. ನಾನು, ಅಂಕಿತಾ, ಅಳಿಯ ಬಸವಕಿರಣ್, ಮತ್ತೆ ನಮ್ಮ ಓಣಿಯ ದ್ಯಾಮವ್ವ. ದ್ಯಾಮವ್ವನ ಕಿವಿ ಈಗ ಇನ್ನೂ ಮಂದವಾಗಿದೆ, ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗಿ ನೋಡುವುದಿಲ್ಲ. ಮಂಡಕ್ಕಿಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು.

ದೋಣಿ ಹೊರಟ ಕೂಡಲೇ ಆ ಸ್ಟೀರಿಯೋ ಹೊಸ ಕ್ಯಾಸೆಟ್ಟಿನ ರೀಲನ್ನು ಪೂರ್ತಿ ನುಂಗಿ ಹಾಕಿತು. ಪೆನ್ಸಿಲು ತೂರಿಸಿ ಸುತ್ತಿದರೂ ಉಪಯೋಗವಾಗಲಿಲ್ಲ. ಕೊಟ್ಟೂರೇಶ ಎದೆಗುಂದಲಿಲ್ಲ. ಇದು ಹೀಗೇ ಮಾಡುತ್ತದೆ ಅಂತ ಗೊತ್ತಿದ್ದೇ ಸ್ಟೀರಿಯೋದ ಹೊಟ್ಟೆ ಬಗೆದು, ವಾಲ್ಯೂಮ್ ತಿರುಪಿನ ಹತ್ತಿರ ಒಂದು ವೈರು ಬೆಸುಗೆ ಹಾಕಿ ಹೊರಗೆ ಬಿಟ್ಟಿದ್ದನಂತೆ. ವೈರಿನ ತುದಿಗೆ ಒಂದು ಪಿನ್ನು. "ಅಂಕಿ, ನಿನ್ನ ವಾಕ್‌ಮನ್ ಕೊಡವ್ವ, ಕಿವಿಗೆ ಹಾಕ್ಕೊಳ್ಳೋ ವೈರು ಕಿತ್ತು ಈ ಪಿನ್ ಚುಚ್ಚಿದ್ರೆ ಆತು, ಕೆರೆ ತುಂಬ ಹಾಡು ಕೇಳತೈತೆ" ಅಂದ. ಅಳಿಯ ಅವಳಿಗೆ ಕೊಡಿಸಿದ ವಾಕ್‌ಮನ್ ಅದು, ಅಂಗೈಯಷ್ಟಿದೆ. ಚುಚ್ಚಿ, ಎರಡರದ್ದೂ ವಾಲ್ಯೂಮ್ ಪೂರ್ತಿ ತಿರುಗಿಸಿದ ನೋಡು, ಗರ್‍ರ್ ಅಂತ ಬಂದ ಶಬ್ದಕ್ಕೆ ದಡದ ಮೇಲಿನ ಕೊಕ್ಕರೆಗಳೆಲ್ಲ ಎದ್ದು ಹೋದವು. ಆಮೇಲೆ ವಾಕ್‌ಮನ್ನಿನದು ಅರ್ಧಕ್ಕೆ ಇಳಿಸಿ, ಸ್ಟೀರಿಯೋದ್ದು ನಿಧಾನಕ್ಕೆ ಏರಿಸಿದ. ಗುಂಯ್‌ಗುಡುವುದು ಮಾತ್ರ ನಿಲ್ಲಲಿಲ್ಲ. ಎಂಜಿನ್ನೂ ಸ್ಟೀರಿಯೋವೂ ಒಂದೇ ಬ್ಯಾಟರಿಯದ್ದು, ಅದಕ್ಕೇ ಹೀಗೆ ಅಂತ ಎಂಜಿನ್ನನ್ನೇ ಆರಿಸಿಬಿಟ್ಟ. ದೋಣಿ ತೇಲುತ್ತಾ ನಿಂತಿತು. ಗಾಳಿ ತಣ್ಣಗಿತ್ತು.

ವಾಕ್‌ಮನ್ನಿನ ಒಳಗೆ ಯಾವ ಕ್ಯಾಸೆಟ್ಟಿದೆ ಅಂತ ನಾನು ಕೇಳಿರಲಿಲ್ಲ. ಅದು ನಮ್ಮದು ಯಶೋದಾ. ಅಂಕಿತಾಳ ಮದುವೆಗೆ ಮುಂಚೆ, ಗಂಡನ ಮನೆಗೆ ತೆಗೆದುಕೊಂಡು ಹೋಗಲಿ ಅಂತ ನಾವಿಬ್ಬರೂ ಹಾಡಿದ್ದ ಸೋಬಾನೆ ಪದಗಳು. ಕಪಾಟಿನಲ್ಲಿ ಸೀರೆಗಳ ಕೆಳಗೆ ನಾನು ಬಚ್ಚಿಟ್ಟಿದ್ದನ್ನು ಹುಡುಗಿ ಕದ್ದು ತಂದಿದ್ದಾಳೆ.

ನಿನಗೆ ನೆನಪಿದೆಯಲ್ಲ, ಕೊಟ್ಟೂರೇಶ ಅವತ್ತು ಎರಡು ಮೈಕು ಇಟ್ಟಿದ್ದ. ಒಂದು ಕಿವಿಗೆ ನೀವು, ಇನ್ನೊಂದು ಕಿವಿಗೆ ಯಶೋದಕ್ಕ ಅಂತ ದೊಡ್ಡ ವಿದ್ವಾಂಸನ ಹಾಗೆ ಹೇಳಿದ್ದ. ಈಗ ದೋಣಿಯಲ್ಲಿ ಆದದ್ದೇನೆಂದರೆ, ಕ್ಯಾಸೆಟ್ಟು ಓಡುತ್ತಿದೆ, ಹಾಡೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀನು ಸೊಲ್ಲೆತ್ತಿದೆ. ಮತ್ತೆ ಮೌನ. ಮತ್ತೆ ನೀನು. ನನ್ನ ದನಿ ಎಲ್ಲೋ ಪಕ್ಕದ ಮನೆಯಲ್ಲಿ ಹಾಡಿದಷ್ಟು ಸಣ್ಣಗೆ. ಅಂಕಿತಾ "ಅಮ್ಮಾ, ನೀನೆಲ್ಲಿ ಹೋದಿ?" ಅಂತ ನಗತೊಡಗಿದಳು. ಮುಂದಿನ ಡಬ್ಬದಲ್ಲೂ ನೀನೇ, ಹಿಂದಿನ ಡಬ್ಬದಲ್ಲೂ ನೀನೇ. ನನಗೆ ಉರಿದುಹೋಯಿತು. ಮುಂದಾಗಿ ನುಡಿ ಹೇಳುವವಳು ನಾನು, ಕೆರೆ ತುಂಬ ಮೆರೆಯುವವಳು ನೀನು! ಕೊಟ್ಟೂರೇಶ ಪಿನ್ನು ಕಿತ್ತು ನೋಡಿ ನಾಲಿಗೆ ಕಚ್ಚಿಕೊಂಡ. ಪಿನ್ನಿನ ಕಡ್ಡಿಯ ಮೇಲೆ ಒಂದು ಕರಿ ಗೆರೆ ಇದ್ದರೆ ಒಂದೇ ಕಿವಿಯ ಹಾಡು ಬರುತ್ತದಂತೆ, ಎರಡು ಗೆರೆ ಇದ್ದರೆ ಎರಡೂ ಕಿವಿಯದು. ಅವನು ಹಾಕಿದ್ದು ಒಂದು ಗೆರೆಯದು. "ಯಶೋದಕ್ಕನ ಕಿವಿ ಅಷ್ಟೇ ಬರತೈತೆ ಅತ್ತಿಗೆ, ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ರಿ" ಅಂತ ಮತ್ತೆ ಚುಚ್ಚಿದ.

ಬಂದ್ ಮಾಡು ಅಂತ ನಾನು ಹೇಳುವಷ್ಟರಲ್ಲಿ ತೊಟ್ಟಿಲ ಪದ ಶುರುವಾಗಿತ್ತು. ಅವತ್ತು ನಮ್ಮ ಜಗಳವಾದ ಪದ. ಅಳಿಯ ಮೈಸೂರಿನ ಕಡೆಯವರಲ್ಲವೇ, ಅಷ್ಟೊಂದು ಗೆಳತಿಯರು ಯಾಕೆ ಮಾತು ಬಿಟ್ಟಿರಿ ಅತ್ತೆ ಅಂತ ಕೇಳಿದರು. ನಾನೂ ಬಿಡಿಸಿ ಹೇಳಿದೆ. ಗಂಡನ ಅಕ್ಕತಂಗಿಯರು, ಓಣಿಯ ಹೆಂಗಸರು ಎಲ್ಲ ಕೂತಿದ್ದ ನನ್ನ ಮನೆಯ ಪಡಸಾಲೆಯಲ್ಲಿ, ನಾನು ನುಡಿ ಎತ್ತುವ ಹೊತ್ತಿಗೆ ಸರಿಯಾಗಿ, "ಸೊಲ್ಲೆತ್ತಬ್ಯಾಡ" ಅಂತ ಯಶೋದಾ ಗದರಿಬಿಟ್ಟಳು ಅಂದೆ. ಅವರು, ಸೊಲ್ಲು ಅಂದರೆ ಮಾತಲ್ಲವೇ ಅಂದರು. ಹೌದಪ್ಪ, ಮಾತೂ ಹೌದು, ಒಬ್ಬರು ನುಡಿ ಹೇಳಿದ ಮೇಲೆ ಮಿಕ್ಕವರು ಹಿಂದಿನಿಂದ ಎತ್ತಿ ಹಾಡುವುದಕ್ಕೂ ನಮ್ಮಲ್ಲಿ ಸೊಲ್ಲು ಅಂತಲೇ ಅನ್ನುವುದು. ಆದರೆ ನುಡಿ ಹೇಳುವವಳಿಗೆ ಸೊಲ್ಲೆತ್ತಬೇಡ ಅಂದರೆ ಬಾಯಿ ಮುಚ್ಚು ಅಂತಲೇ ಅಲ್ಲವೇ ಅಂತ ವಾದಿಸುತ್ತಿದ್ದೆ.

ಅಷ್ಟರಲ್ಲಿ ಆ ಡಬ್ಬ ನಿನ್ನ ದನಿಯಲ್ಲಿ ಹೇಳಿತು: "ಯವ್ವಾ ದ್ಯಾಮವ್ವ, ಈ ನುಡಿಗೆ ಸೊಲ್ಲೆತ್ತಬ್ಯಾಡ್ರಿ. ಶಾಂತಿ ಒಬ್ಬಳ ದನಿ ಕೇಳ್ಲಿ, ಇದು ತಾಯಿ ಹೇಳೋ ನುಡಿ."

ಬ್ಯಾಡ್ರಿ. ಆ "ರಿ" ಕೇಳಿಸಿತು ಯಶೋದಾ. ನನಗೂ ನಿನಗೂ ನಡುವೆ ಯಾವತ್ತಾದರೂ "ರಿ" ಇತ್ತೇ? ಲಂಗ ಹಾಕುವ ಕಾಲದಿಂದ ಹೋಗೆ ಬಾರೆ ಅಂದುಕೊಂಡು ಬಂದವರು. ಅದು ದ್ಯಾಮವ್ವನಿಗೆ ಹೇಳಿದ ಮಾತು. ಅವಳಿಗೆ ಕಿವಿ ಕೇಳುವುದಿಲ್ಲ ಅಂತ ಗಟ್ಟಿಯಾಗಿ ಹೇಳಿದ್ದು. ಅವತ್ತು ನಾನು ಹಾಡಲು ಬಾಯಿ ತೆರೆದಿದ್ದೆ, ನನ್ನ ದನಿಯಲ್ಲೇ ನನಗೆ ಹಿಂದುಮುಂದಿನದು ಕೇಳದೆ ನಡುವಿನ ಒಂದು ಮಾತಷ್ಟೇ ಕಿವಿಗೆ ಬಿತ್ತು, ಅದೂ ಬಾಲ ಕಡಿದುಕೊಂಡು. ಆಮೇಲೆ ಮನೆಯಲ್ಲಿ ಒಂದೇ ಡಬ್ಬದ ಟೇಪ್‌ರೆಕಾರ್ಡರಿಗೆ ಹಾಕಿ ಕೇಳಿದಾಗಲೂ ನನ್ನ ಗಂಟಲೇ ಎಲ್ಲವನ್ನೂ ಮುಚ್ಚಿಹಾಕಿತ್ತು. ದೋಣಿಯಲ್ಲಿ ನಾವೆಲ್ಲ ದ್ಯಾಮವ್ವನ ಕಡೆ ತಿರುಗಿದೆವು. ಅವಳು "ಯಾಕ, ಮಂಡಕ್ಕಿ ಬೇಕೇನು?" ಅಂತ ಚೀಲ ಮುಂದೆ ಹಿಡಿದಳು.

ಮುಂದಿನದನ್ನೂ ಕೇಳಿದೆ. ನಾನು ಕೂಗಾಡಿದ್ದು ದೂರದಲ್ಲಿ ಸಣ್ಣಗೆ ಕೇಳುತ್ತಿತ್ತು. ನೀನು ಒಂದು ಮಾತೂ ತಿರುಗಿ ಆಡಲಿಲ್ಲ. ಬಳೆ ಸದ್ದು, ಚೀಲ ಎತ್ತಿಕೊಂಡ ಸದ್ದು. ಆಮೇಲೆ ಮೆಲ್ಲಗೆ, "ಅಂಕಿ, ನಿಮ್ಮಮ್ಮಗೆ ನೀರು ಕೊಡು. ಗಂಟಲು ಒಣಗಿರತೈತೆ." ಆ ನೀರನ್ನು ನಾನು ಅವತ್ತು ಗಟಗಟ ಕುಡಿದಿದ್ದೆ. ಕೊಟ್ಟವಳು ಮಗಳು ಅಂದುಕೊಂಡಿದ್ದೆ.

ದೋಣಿಯಲ್ಲಿ ಎಲ್ಲರ ಎದುರೇ ಅತ್ತುಬಿಟ್ಟೆ. ಕೊಟ್ಟೂರೇಶ ಹೆದರಿ ಎಂಜಿನ್ನು ಚಾಲೂ ಮಾಡಿ ದಡಕ್ಕೆ ತಿರುಗಿಸಿದ.

ಈಗ ನನ್ನ ಸಿಟ್ಟು ಕೇಳು. ನೀನು ಯಾಕೆ ಹೇಳಲಿಲ್ಲ? ಬಾಯಿ ಇರಲಿಲ್ಲವೇ? ಶಾಂತೀ, ನಿನಗಲ್ಲ ಕಣೇ, ದ್ಯಾಮವ್ವನಿಗೆ ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅದು ಬಿಟ್ಟು ಹರಿಹರದ ಬಸ್ಸು ಹತ್ತಿಬಿಟ್ಟೆ. ಮದುವೆಗೆ ಬಂದು ಅಕ್ಷತೆ ಹಾಕಿ, ಎಲೆಗೆ ಕೂರದೆ ಹೋದೆ. ಅವತ್ತು ನಿನಗಾಗಿ ಪಕ್ಕದ ಎಲೆ ಖಾಲಿ ಇಟ್ಟುಕೊಂಡು ಕೊನೆಯ ಪಂಕ್ತಿಯವರೆಗೂ ಕಾದಿದ್ದೆ, ಗೊತ್ತೇನು? ಗೊತ್ತಿರಲಿಕ್ಕಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ.

ನಾನು ಎಷ್ಟೋ ಮನೆಯ ಕಾರ್ಯಗಳಿಗೆ ಹೋಗಿ ಗಂಟಲು ಕೆಟ್ಟಿದೆ ಅಂತ ಸುಳ್ಳು ಹೇಳಿ ಹಿಂದಿನ ಸಾಲಿನಲ್ಲಿ ಕೂತು ಬಂದೆ. ಗಂಟಲಿಗೆ ಏನೂ ಆಗಿಲ್ಲ. ನುಡಿ ಹೇಳಿ ನಿಲ್ಲಿಸಿದರೆ ಹಿಂದಿನಿಂದ ನಿನ್ನ ದನಿ ಬರುವುದಿಲ್ಲವಲ್ಲ, ಆ ಹೊತ್ತನ್ನು ನನ್ನಿಂದ ತಡೆಯಲಾಗುವುದಿಲ್ಲ. ನೀನೂ ಆ ಕಡೆ ಎಲ್ಲೂ ಹಾಡುತ್ತಿಲ್ಲವಂತೆ. ಅದನ್ನೂ ಕೇಳಿ ತಿಳಿದುಕೊಂಡೆ.

ಕೊಟ್ಟೂರೇಶ ಈಗ ಎರಡು ಗೆರೆಯ ಪಿನ್ನು ಹಾಕಿದ್ದಾನೆ. ಮುಂದಿನ ಡಬ್ಬದಲ್ಲಿ ನಾನು, ಹಿಂದಿನದರಲ್ಲಿ ನೀನು, ನಡುವೆ ಕೂತರೆ ಚೆನ್ನಾಗಿ ಕೇಳುತ್ತದೆ. ಆದರೆ ತೊಟ್ಟಿಲ ಪದ ಅರ್ಧಕ್ಕೇ ನಿಂತಿದೆ. ಮಗು ಬರುವುದರೊಳಗೆ ಅದು ಮುಗಿಯಬೇಕು. ಗುರುವಾರ ಬೆಳಿಗ್ಗೆಯೇ ಬಾ, ನಿನ್ನ ಯಜಮಾನರು ಅಂಜನಕುಮಾರಣ್ಣನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಕ್ಕರೆ ಅವರನ್ನೂ ಕರೆದುಕೊಂಡು ಬಾ. ಬರುವುದು ಬಿಡುವುದು ನಿನಗೆ ಸೇರಿದ್ದು. ಒಂದು ಕಾರ್ಡಿನಲ್ಲಿ ಉತ್ತರ ಬರೆದರೂ ಸಾಕು, ನಾನು ಅವಸರ ಮಾಡುವುದಿಲ್ಲ.

ಇನ್ನೂ ಸಿಟ್ಟು ಪೂರ್ತಿ ಇಳಿಯದ, ನಿನ್ನನ್ನು ಬಿಟ್ಟರೆ ಬೇರೆ ಗೆಳತಿ ಇಲ್ಲದ,
ಶಾಂತಕುಮಾರಿ

ತಾ.ಕ.: ಅವಸರ ಮಾಡುವುದಿಲ್ಲ ಅಂದದ್ದು ಸುಳ್ಳು. ಇದನ್ನು ಅಂಚೆಗೆ ಹಾಕಿಲ್ಲ, ಆಟೋ ಮೈಲಪ್ಪನ ಕೈಯಲ್ಲಿ ನಿಮ್ಮ ಮನೆಯೊಳಗೆ ಕಳಿಸುತ್ತಿದ್ದೇನೆ. ಅವನ ಆಟೋ ನಿಮ್ಮ ಓಣಿಯ ತಿರುವಿನಲ್ಲೇ ನಿಂತಿದೆ, ಒಳಗೆ ನಾನು ಕೂತಿದ್ದೇನೆ. ಕೆಟ್ಟ ಸೆಕೆ, ಬೇಗ ಓದಿ ಹೊರಗೆ ಬಾ. ಬಾಗಿಲು ಹಾಕಿಕೊಂಡೆಯೋ, ಇಲ್ಲಿಂದಲೇ, ಗುತ್ತೂರಿನ ಜನರೆಲ್ಲ ನೋಡುತ್ತಿರುವಾಗಲೇ, ನಿಂತುಹೋದ ಆ ನುಡಿಯನ್ನು ಹಾಡಲು ಶುರು ಮಾಡುತ್ತೇನೆ. ಸೊಲ್ಲೆತ್ತದೆ ಇರು, ನೋಡೋಣ.